ನೆರಳಲ್ಲಿರುವ ಮರದ ಡೆಕ್ ಮಳೆಗಾಲಕ್ಕೆ ಕಪ್ಪಾಗದ ಹಾಗೆ ಸ್ಟೇನ್ ಹಚ್ಚುವುದು ಹೇಗೆ?

ನಮ್ಮ ಮನೆ ಮಲೆನಾಡಿನ ಕೊಪ್ಪದ ಕಡೆ, ತೋಟದ ಅಂಚಿಗೆ. ಹಿಂಬದಿಯಲ್ಲಿ 12 ಅಡಿಗೆ 10 ಅಡಿಯ ಒಂದು ಮರದ ಡೆಕ್ ಹಾಕಿಸಿದೆವು. ತಲೆ ಮೇಲೆ ಹಲಸಿನ ಮರ, ಪಕ್ಕಕ್ಕೆ ಅಡಿಕೆ ತೋಟ. ಬೇಸಿಗೆಯಲ್ಲಿ ಅಲ್ಲಿಂದ ಏಳಲು ಮನಸ್ಸೇ ಬರುವುದಿಲ್ಲ. ಮೊದಲ ವರ್ಷ ನಾನೇ ಕೂತು ಪೇಂಟ್ ಅಂಗಡಿಯ ಲಿನ್‌ಸೀಡ್ ಆಯಿಲ್, ಅಂದ್ರೆ ಅಗಸೆ ಎಣ್ಣೆ, ಎರಡು ಕೈ ಹಚ್ಚಿದೆ. ಹಲಗೆಗಳು ಜೇನುತುಪ್ಪದ ಬಣ್ಣಕ್ಕೆ ತಿರುಗಿದವು. ಬಂದವರಿಗೆಲ್ಲ ಚಪ್ಪಲಿ ಬಿಟ್ಟು ಹತ್ತಿ ಅಂತಿದ್ದೆ. ಜುಲೈ ಮುಗಿಯುವಷ್ಟರಲ್ಲಿ ಅದು ಬಚ್ಚಲು ಒಲೆಯ ಗೋಡೆ ಹಾಗೆ ಕಪ್ಪಾಯಿತು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಾಲಿಟ್ಟವನು, ಹಾವಸೆಗೆ ಜಾರಿ ಲೋಟದ ಸಮೇತ ಅಂಗಳಕ್ಕೆ ಬಿದ್ದೆ.

ಡೆಕ್ ಮಾಡಿದ ಆಚಾರ್ರನ್ನು ಕರೆಸಿದೆ. ಅವರು ಬಗ್ಗಿ, ಉಗುರಲ್ಲಿ ಕೆರೆದು, ಮೂಸಿ ನೋಡಿದರು. "ಎಣ್ಣೆ ಕುಡಿಸಿದ್ರಾ ಮಾರಾಯ್ರೇ? ಬೂಷ್ಟಿಗೆ ನೀವೇ ಊಟ ಬಡಿಸಿದ್ದೀರಿ" ಅಂದರು.

ಅವರು ಹೇಳಿದ್ದು ತಮಾಷೆಗಲ್ಲ. ಅಗಸೆ ಎಣ್ಣೆಯಂಥ ಗಿಡದ ಎಣ್ಣೆಗಳು ಬೂಷ್ಟಿಗೆ ನಿಜವಾಗಿಯೂ ಆಹಾರ. ಬಿಸಿಲು ಬೀಳುವ ಕಡೆ ಮರ ಬೇಗ ಒಣಗುವುದರಿಂದ ಅಷ್ಟಾಗಿ ಗೊತ್ತಾಗಲ್ಲ. ನೆರಳು, ತೇವ, ಎಣ್ಣೆ ಮೂರೂ ಒಟ್ಟಿಗೆ ಸಿಕ್ಕರೆ ಮುಗೀತು. ಅಲ್ಲಿಂದ ಮುಂದೆ ನಾನು ಕಲಿತದ್ದು ಇಷ್ಟು: ನೆರಳಿನ ಡೆಕ್‌ಗೆ ಸ್ಟೇನ್, ಅಂದ್ರೆ ಮರದೊಳಗೆ ಇಳಿಯುವ ಬಣ್ಣ, ಹಚ್ಚುವುದು ಎರಡು ದಿನದ ಕೆಲಸ. ಮರ ಒಣಗಿಸಿ, ಮತ್ತೆ ನೆನೆದರೂ ಬೇಗ ಒಣಗುವ ಹಾಗೆ ಮಾಡುವುದು ಹದಿನೈದು ದಿನದ ಕೆಲಸ. ನಾವೆಲ್ಲ ಆ ಎರಡು ದಿನದ್ದನ್ನು ಮಾತ್ರ ಮಾಡುತ್ತೇವೆ.

ಕಪ್ಪು ಅಂದ್ರೆ ಎಲ್ಲಾ ಬೂಷ್ಟಲ್ಲ

ಮೊದಲು ಕೂತು ನೋಡಿ. ಹಸಿರಾಗಿ, ಲೋಳೆಯಾಗಿ, ಕಾಲಿಗೆ ಜಾರುವುದು ಹಾವಸೆ. ಚುಕ್ಕಿ ಚುಕ್ಕಿಯಾಗಿ ಶುರುವಾಗಿ ಮಸಿ ಬಳಿದಂತೆ ಹರಡುವುದು ಬೂಷ್ಟು. ಮೊಳೆ, ಸ್ಕ್ರೂಗಳ ಸುತ್ತ ನೀಲಿಗಪ್ಪು ಉಂಗುರ ಇದ್ದರೆ ಅದು ಎರಡೂ ಅಲ್ಲ. ಮರದ ಒಗರಿಗೆ ಕಬ್ಬಿಣ ತಾಗಿ ಆದ ಕಲೆ. ಅಡಿಕೆ ಬೇಯಿಸಿದ ಚೊಗರಿಗೆ ತುಕ್ಕಿನ ಮೊಳೆ ಬಿದ್ದರೆ ಕಪ್ಪಾಗುತ್ತದಲ್ಲ, ಅದೇ ಕಥೆ.

ಅನುಮಾನ ಇದ್ದರೆ ಮನೆಯಲ್ಲಿರುವ ಬಟ್ಟೆಯ ಕ್ಲೋರಿನ್ ಬ್ಲೀಚ್ ಒಂದು ಹನಿ ಕಪ್ಪಿನ ಮೇಲೆ ಬಿಡಿ. ಒಂದೆರಡು ನಿಮಿಷದಲ್ಲಿ ಕಪ್ಪು ತೆಳುವಾದರೆ ಬೂಷ್ಟು. ಹಾಗೇ ಇದ್ದರೆ ಮಣ್ಣು, ಇಲ್ಲವೇ ಕಬ್ಬಿಣದ ಕಲೆ. ನೋಡಿದ ಮೇಲೆ ಆ ಜಾಗ ತೊಳೆದುಬಿಡಿ.

ಇನ್ನೊಂದು ಪರೀಕ್ಷೆ ಸ್ಕ್ರೂಡ್ರೈವರ್‌ನದು. ಹಲಗೆಯ ತುದಿ, ಸ್ಕ್ರೂ ಸುತ್ತ, ಜಂತೆಯ ಮೇಲೆ ಹಲಗೆ ಕೂರುವ ಜಾಗ, ಅಲ್ಲೆಲ್ಲ ಒತ್ತಿ ಚುಚ್ಚಿ. ತುದಿ ಮೆತ್ತಗೆ ಒಳಗೆ ಇಳಿದರೆ ಆ ಹಲಗೆ ಕೊಳೆತಿದೆ. ಅದಕ್ಕೆ ಬಣ್ಣ ಹಚ್ಚಬೇಡಿ, ಬದಲಾಯಿಸಿ. ಬದಲಾಯಿಸುವಾಗ ತೇಗ, ಕಿರಾಲ್‌ಬೋಗಿ, ಮತ್ತಿ ಯಾವುದೇ ಇರಲಿ, ಚೇಗು, ಅಂದ್ರೆ ಒಳಗಿನ ಗಟ್ಟಿ ತಿರುಳು, ಇರುವ ಹಲಗೆಯನ್ನೇ ಕೇಳಿ. ತೇಗವೇ ಆದರೂ ಹೊರಗಿನ ಬಿಳಿ ಭಾಗ ಬೇಗ ಹಾಳಾಗುತ್ತದೆ. ತೋಟದಲ್ಲಿ ಇದೆ ಅಂತ ಸಿಲ್ವರ್ ಓಕ್ ಕೊಯ್ಸಿ ಹಾಕಿದವರನ್ನು ನೋಡಿದ್ದೇನೆ. ಹಾಗೇ ಹಾಕಿದರೆ ನಮ್ಮ ಮಳೆಗೆ ಅದು ನಿಲ್ಲುವುದಿಲ್ಲ.

ಕಾಫಿ ಒಣಗುವ ಕಾಲವೇ ಇದಕ್ಕೂ ಕಾಲ

ಮರದೊಳಗಿನ ತೇವ ನೂರಕ್ಕೆ 20 ದಾಟಿದರೆ ಕೊಳೆಸುವ ಶಿಲೀಂಧ್ರಗಳಿಗೆ ದಾರಿ ತೆರೆದಂತೆ. ಮಳೆಯ ಒಂದು ಹನಿಯೂ ಬೀಳದಿದ್ದರೂ, ಗಾಳಿಯ ತೇವ ನೂರಕ್ಕೆ 90ರಷ್ಟು ವಾರಗಟ್ಟಲೆ ನಿಂತರೆ ಮರ ಗಾಳಿಯಿಂದಲೇ ಎಳೆದುಕೊಂಡು ಆ 20ರ ಹತ್ತಿರ ಬಂದು ಕೂರುತ್ತದೆ. ಜುಲೈನಲ್ಲಿ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟು ಬೂಷ್ಟು ಹಿಡಿಯುವುದೂ ಇದೇ ಗಾಳಿಗೆ. ಸ್ಟೇನ್ ಹಚ್ಚಬೇಕಾದರೆ ಮರದ ತೇವ 15ಕ್ಕಿಂತ ಕೆಳಗಿರಬೇಕು.

ಹಾಗಾಗಿ ಅಕ್ಟೋಬರ್‌ನಲ್ಲಿ ಮಳೆ ನಿಂತ ಖುಷಿಗೆ ಬ್ರಷ್ ಹಿಡಿಯಬೇಡಿ. ಹಿಂಗಾರು ಬಾಕಿ ಇರುತ್ತದೆ, ಮರವೂ ಒಳಗೆ ಹಸಿ ಇರುತ್ತದೆ. ಕಣದಲ್ಲಿ ಕಾಫಿ ಹರಡುವ ಕಾಲ, ಅಂದ್ರೆ ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಸರಿಯಾದ ಸಮಯ. ಮಾರ್ಚ್‌ಗೆ ಬಿಟ್ಟರೆ ಕಾಫಿ ಹೂ ಅರಳಿಸುವ ಹೂ ಮಳೆ ಬಂದು ಕೆಲಸ ಕೆಡಿಸಬಹುದು. ಪಿನ್ ಚುಚ್ಚಿ ತೇವ ಅಳೆಯುವ ಪುಟ್ಟ ಮೀಟರ್ ಆನ್‌ಲೈನಲ್ಲಿ ಸಿಗುತ್ತದೆ, ಒಂದು ತಂದಿಟ್ಟುಕೊಂಡರೆ ಊಹೆ ಮಾಡುವ ತಾಪತ್ರಯ ಇಲ್ಲ. ಅದಿಲ್ಲದಿದ್ದರೆ ಹಲಗೆಯ ಮೇಲೆ ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಒಂದು ದಿನ ಬಿಡಿ. ಮಾರನೇ ದಿನ ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಇನ್ನೂ ಕಾಯಬೇಕು.

ಬಣ್ಣಕ್ಕೆ ಮೊದಲು ಗಾಳಿ

ಇದೇ ಮುಖ್ಯ ಕೆಲಸ. ಡಬ್ಬಿ ತರುವ ಮೊದಲು ಡೆಕ್ ಸುತ್ತ ಒಂದು ಸುತ್ತು ಹಾಕಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ.

ಹಲಗೆ ಹಲಗೆಯ ಮಧ್ಯೆ 5–6 ಮಿ.ಮೀ. ಸಂದು ಇರಬೇಕು. ನಮ್ಮದರಲ್ಲಿ ಸಂದು ಇತ್ತು, ಆದರೆ ಅದರ ತುಂಬ ಹಲಸಿನ ತರಗೆಲೆಯ ಪುಡಿ, ಮಣ್ಣು. ಹಳೆಯ ಚಾಕು ತಗೊಂಡು ಒಂದೊಂದೇ ಸಂದು ಕೆರೆದೆ. ಒಂದು ಸಂದಿನಲ್ಲಿ ಪುಟ್ಟ ಜರೀಗಿಡವೇ ಹುಟ್ಟಿತ್ತು. ಬುಡ ಕಿತ್ತಾಗ ಕೆಳಗಿನ ಮರ ಒದ್ದೆ ಬ್ರೆಡ್ಡಿನಂತೆ ಬಂತು. ಎರಡು ಹಲಗೆ ಆ ಕಾರಣಕ್ಕೇ ಹೋದವು. ತುಂಬಿದ ಸಂದು ಅಂದ್ರೆ ಹಲಗೆಯ ಪಕ್ಕದಲ್ಲಿ ವರ್ಷವಿಡೀ ಒದ್ದೆ ಬಟ್ಟೆ ಇಟ್ಟಂತೆ.

ಡೆಕ್ ಕೆಳಗೆ ಗಾಳಿ ಆಡಬೇಕು. ಅಲ್ಲಿ ಸೌದೆ, ಹಳೆ ಹಂಚು, ಅಡಿಕೆ ಹಾಳೆ ತುರುಕುವುದು ನಮ್ಮ ಹುಟ್ಟುಗುಣ. ತೆಗೆಯಿರಿ. ಬದಿ ಚೆಂದ ಕಾಣಲಿ ಅಂತ ಹಲಗೆ ಹೊಡೆದು ಪೂರ್ತಿ ಮುಚ್ಚಿದ್ದರೆ ಎರಡು ಬದಿಯಲ್ಲಾದರೂ ಬಿಡಿಸಿ. ಕೆಳಗೆ ಮಣ್ಣು ಮನೆಯ ಕಡೆ ಇಳಿಜಾರಾಗಿದ್ದರೆ ಒಂದು ಚಿಕ್ಕ ಕಾಲುವೆ ತೋಡಿ ನೀರು ತೋಟಕ್ಕೆ ಹೋಗುವ ಹಾಗೆ ಮಾಡಿ.

ಸೂರಿನ ನೀರು ಡೆಕ್ ಅಂಚಿಗೆ ಬೀಳುತ್ತಿದ್ದರೆ ಸೂರಿನ ಅಂಚಿಗೆ ನೀರು ಹರಿಸುವ ದೋಣಿ ಹಾಕಿಸದೆ ಬೇರೆ ದಾರಿ ಇಲ್ಲ. ಒಂದೇ ಗೆರೆಯಲ್ಲಿ ಹಾವಸೆ ಬೆಳೆದಿದ್ದರೆ ತಲೆ ಎತ್ತಿ ನೋಡಿ, ಮೇಲೆ ಹಂಚಿನ ತುದಿ ಕಾಣುತ್ತದೆ. ಇರಿಚಲು ಬರುವ ದಿಕ್ಕಿಗೆ ಹಿಂದಿನವರು ಗೋಡೆಗೆ ಕಟ್ಟುತ್ತಿದ್ದಂತೆ ಸೋಗೆಯ ತಟ್ಟಿ ಕಟ್ಟಿದರೂ ಆಗುತ್ತದೆ, ಗಾಳಿಯೂ ಆಡುತ್ತದೆ. ಆದರೆ ಡೆಕ್ ಮೇಲೆ ಟಾರ್ಪಾಲು ಹಾಸಿ ಮುಚ್ಚಬೇಡಿ. ನಾನು ಒಂದು ವರ್ಷ ಅದನ್ನೂ ಮಾಡಿದ್ದೇನೆ. ಟಾರ್ಪಾಲಿನ ಅಡಿ ಅಣಬೆ ಎದ್ದಿತ್ತು.

ಮರಗಸಿ, ಅಂದ್ರೆ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡುವವರು ಬಂದಾಗ ಡೆಕ್ ಮೇಲಿನ ಒಂದೆರಡು ಕೊಂಬೆಯನ್ನೂ ಇಳಿಸಲು ಹೇಳಿ. ಮರವನ್ನೇ ಕಡಿಯಬೇಕಿಲ್ಲ. ದಿನಕ್ಕೆ ಎರಡು ಮೂರು ಗಂಟೆ ಬಿಸಿಲು ಇಣುಕಿದರೂ ಎಷ್ಟೋ ವ್ಯತ್ಯಾಸ. ಹೂಕುಂಡ ಇಡುವವರು ಕೆಳಗೆ ಹಂಚಿನ ಚೂರು ಕೊಟ್ಟು ಎತ್ತರಿಸಿ. ಇಲ್ಲದಿದ್ದರೆ ಕುಂಡ ಎತ್ತಿದ ದಿನ ದುಂಡಗಿನ ಕಪ್ಪು ಮುದ್ರೆ ಸಿಗುತ್ತದೆ. ನಾರಿನ ಕಾಲೊರಸು ಕೂಡ ಅಷ್ಟೇ.

ತೊಳೆಯುವುದು

ಮಲೆನಾಡಿನಲ್ಲಿ ಹಾವಸೆ ಅಂದ ಕೂಡಲೇ ಕೈ ಬ್ಲೀಚಿಂಗ್ ಪೌಡರ್‌ಗೆ ಹೋಗುತ್ತದೆ. ಕಲ್ಲಿನ ಮೆಟ್ಟಿಲಿಗೆ ಸರಿ. ಮರಕ್ಕೆ ಬೇಡ. ಕ್ಲೋರಿನ್ ಮರದ ನಾರನ್ನು ಹಿಡಿದಿಡುವ ಅಂಟನ್ನೇ ಒಡೆಯುತ್ತದೆ. ಹಲಗೆ ಬೆಳ್ಳಗಾಗಿ, ಮೇಲೆಲ್ಲ ನವಿರು ಏಳುತ್ತದೆ. ಸ್ಕ್ರೂಗಳಿಗೂ ತುಕ್ಕು. ಅದರ ಬದಲು ಸೋಡಿಯಂ ಪರ್‌ಕಾರ್ಬೊನೇಟ್ ತನ್ನಿ. ಬಟ್ಟೆಯ ಕಲೆ ತೆಗೆಯುವ ಆಕ್ಸಿಜನ್ ಬ್ಲೀಚ್ ಪುಡಿಗಳಲ್ಲಿ ಇರುವುದು ಇದೇ. ಕೆಮಿಕಲ್ ಅಂಗಡಿಯಲ್ಲಿ ಬಿಡಿಯಾಗಿ ಸಿಕ್ಕರೆ ಅಗ್ಗ.

1 ಲೀಟರ್ ಬೆಚ್ಚಗಿನ ನೀರಿಗೆ 50–60 ಗ್ರಾಂ. ಬೆರೆಸಿದ ಕೂಡಲೇ ಬಳಸಿ, ಮುಚ್ಚಳ ಬಿಗಿದು ಇಡಬೇಡಿ. ಗಾಳಿ ಬಿಡುತ್ತಲೇ ಇರುತ್ತದೆ, ಬಾಟಲಿ ಒಡೆಯಬಹುದು. ಮೊದಲು ಡೆಕ್ ಒದ್ದೆ ಮಾಡಿ, ಪಕ್ಕದ ಗಿಡಗಳಿಗೂ ನೀರು ಹಾಕಿ. ದ್ರಾವಣ ಸುರಿದು 15–20 ನಿಮಿಷ ಬಿಡಿ, ಅಷ್ಟರೊಳಗೆ ಒಣಗಲು ಬಿಡಬೇಡಿ. ನೊರೆ ಬಂದು, ನೊರೆ ಕಂದಾಗುತ್ತಾ ಹೋಗುತ್ತದೆ. ಆಗ ಗಟ್ಟಿ ನೈಲಾನ್ ಬ್ರಷ್‌ನಲ್ಲಿ ಹಲಗೆಯ ಉದ್ದಕ್ಕೆ ಉಜ್ಜಿ. ತಂತಿ ಬ್ರಷ್ ಬೇಡ, ಅದರ ಕಬ್ಬಿಣದ ಚೂರು ಮರದಲ್ಲಿ ಉಳಿದು ಮತ್ತೆ ಕಪ್ಪು ಚುಕ್ಕಿ ಆಗುತ್ತದೆ. ಬೈಕ್ ತೊಳೆಯುವ ಪ್ರೆಶರ್ ಗನ್ ಇದೆಯಲ್ಲ ಅಂತ ಹತ್ತಿರ ಹಿಡಿದು ಹೊಡೆಯಬೇಡಿ. ಮೆದು ನಾರು ಕಿತ್ತು ಹೋಗಿ ಹಲಗೆ ಗೀರು ಗೀರಾಗುತ್ತದೆ. ಸುಮ್ನೆ ಪೈಪ್ ನೀರು ಸಾಕು.

ತೊಳೆದ ಮೇಲೆ ಮರ ಇನ್ನೂ ಗಾಢವಾಗಿ ಕಂಡರೆ ಹೆದರಬೇಡಿ. ಈ ಪುಡಿ ಕ್ಷಾರ, ಅದಕ್ಕೆ ಹಾಗೆ. ಮಾರ್ಬಲ್ ಪಾಲಿಶ್ ಮಾಡುವವರು ಬಳಸುವ ಆಕ್ಸಾಲಿಕ್ ಆಸಿಡ್ ತಂದು, 1 ಲೀಟರ್ ಬಿಸಿ ನೀರಿಗೆ 30 ಗ್ರಾಂ ಕರಗಿಸಿ, ಒದ್ದೆ ಹಲಗೆಗೆ ಹಚ್ಚಿ 10–15 ನಿಮಿಷ ಬಿಟ್ಟು ತೊಳೆಯಿರಿ. ಕಬ್ಬಿಣದ ಕಪ್ಪು ಉಂಗುರಗಳು ಕಣ್ಣೆದುರೇ ಕರಗುತ್ತವೆ. ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಖುಷಿ ಕೊಟ್ಟದ್ದು ಈ ಹತ್ತು ನಿಮಿಷ. ಆದರೆ ಅದು ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ನಾಯಿ, ಕರು ಕಟ್ಟಿಹಾಕಿರಿ. ಬ್ಲೀಚ್ ಮತ್ತು ಆಸಿಡ್ ಯಾವತ್ತೂ ಒಟ್ಟಿಗೆ ಸೇರಿಸಬೇಡಿ, ಕ್ಲೋರಿನ್ ಇರುವ ಬ್ಲೀಚ್ ಆದರೆ ಕ್ಲೋರಿನ್ ಅನಿಲ ಬರುತ್ತದೆ.

ತುಕ್ಕು ಹಿಡಿದ ಮೊಳೆಗಳನ್ನು ಇದೇ ಹೊತ್ತಿಗೆ ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಉಂಗುರ ಮತ್ತೆ.

ಉಜ್ಜುವುದು, ಬಿಳಿಗಾರ ಹಚ್ಚುವುದು

ಎರಡು ಮೂರು ದಿನ ಒಣಗಿದ ಮೇಲೆ 60 ಅಥವಾ 80 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ. ಟೇಬಲ್‌ಗೆ ಉಜ್ಜಿದಂತೆ 180, 220ಕ್ಕೆ ಹೋಗಬೇಡಿ. ನುಣುಪಾದಷ್ಟೂ ಸ್ಟೇನ್ ಒಳಗೆ ಇಳಿಯುವುದಿಲ್ಲ, ಕಾಲೂ ಜಾರುತ್ತದೆ. ಮೂಗಿಗೆ ಮಾಸ್ಕ್ ಇರಲಿ.

ಒಂದು ಎಚ್ಚರಿಕೆ. ಹಸಿರು ಛಾಯೆಯ, ಔಷಧಿ ಕುಡಿಸಿದ ಹಳೆಯ ಮರ ನಿಮ್ಮದಾಗಿದ್ದರೆ ಅದರಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಇರಬಹುದು. ಈ ಮಿಶ್ರಣ ಕಂಡುಹಿಡಿದದ್ದು ನಮ್ಮವರೇ. 1933ರಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಠಿ ಕಾಮೇಶಂ. ಜಗತ್ತಿನ ಎಷ್ಟೋ ಕಂಬ, ಡೆಕ್‌ಗಳನ್ನು ಅದು ಉಳಿಸಿತು. ಅಮೆರಿಕದಲ್ಲಿ 2003ರ ಕೊನೆಗೆ ಮನೆಯ ಡೆಕ್‌ಗಳಿಗೆ ಅದನ್ನು ನಿಲ್ಲಿಸಿದರು. ಅಂಥ ಮರವನ್ನು ಉಜ್ಜಬೇಡಿ, ತೊಳೆದು ಬಣ್ಣ ಹಚ್ಚಿ ಅಷ್ಟೇ. ಮುರಿದ ಚೂರನ್ನು ಬಚ್ಚಲು ಒಲೆಗಂತೂ ಹಾಕಲೇಬೇಡಿ, ಹೊಗೆ ಮತ್ತು ಬೂದಿ ಎರಡೂ ವಿಷ.

ಉಜ್ಜಿ ಗುಡಿಸಿದ ಮೇಲೆ ಬಿಳಿಗಾರದ ಸರದಿ. ಬಿಳಿಗಾರ ಅಂದ್ರೆ ಬೊರಾಕ್ಸ್. 1 ಲೀಟರ್ ಬಿಸಿ ನೀರಿಗೆ 30 ಗ್ರಾಂ ಬಿಳಿಗಾರ, 20 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಬ್ರಷ್‌ನಲ್ಲಿ ಎರಡು ಸಲ ಹಚ್ಚಿ. ತುದಿ, ಸಂದು, ಸ್ಕ್ರೂ ತೂತು ಎಲ್ಲದಕ್ಕೂ. ಕೊಳೆಸುವ ಶಿಲೀಂಧ್ರವನ್ನೂ ಗೆದ್ದಲನ್ನೂ ಇದು ತಡೆಯುತ್ತದೆ. ಇದರ ದೌರ್ಬಲ್ಯ ಒಂದೇ, ನೀರಲ್ಲಿ ಕರಗಿ ಹೋಗುತ್ತದೆ. ಅದಕ್ಕೇ ಮೇಲೆ ಸ್ಟೇನ್ ಬೇಕು. ನಾಲ್ಕೈದು ದಿನ ಒಣಗಲು ಬಿಟ್ಟು, ಮೇಲೆ ಬಿಳಿ ಪುಡಿ ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಳಿದ ದ್ರಾವಣವನ್ನು ಗಿಡದ ಬುಡಕ್ಕೆ ಸುರಿಯಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

"ಅಡಿಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ಉಳಿದಿದೆ, ಅದನ್ನೇ ಡೆಕ್‌ಗೂ ಹೊಡೆಯೋಣ" ಅಂತ ನಮ್ಮ ಮನೆಯಲ್ಲೂ ಚರ್ಚೆ ಆಗಿತ್ತು. ಬೋರ್ಡೋ ಅಂದ್ರೆ ಮೈಲುತುತ್ತ, ಸುಣ್ಣದ ಮಿಶ್ರಣ. ಮೈಲುತುತ್ತ ಹಾವಸೆ ಕೊಲ್ಲುತ್ತದೆ ನಿಜ. ಆದರೆ ಸುಣ್ಣದ ನೀಲಿ ಪುಡಿ ಹಲಗೆಯ ಮೇಲೆ ಕೂತರೆ ಸ್ಟೇನ್ ಮರಕ್ಕೆ ಇಳಿಯುವುದೇ ಇಲ್ಲ.

ಯಾವ ಡಬ್ಬಿ ತರಬೇಕು

ಅಂಗಡಿಯವರು ಮೊದಲು ತೋರಿಸುವುದು ಹೊಳೆಯುವ ಪಿಯು (ಪಾಲಿಯುರೆಥೇನ್) ಅಥವಾ ವಾರ್ನಿಷ್. ಬೇಡ ಅನ್ನಿ. ಇವು ಮರದ ಮೇಲೆ ಪದರವಾಗಿ ಕೂರುತ್ತವೆ. ಮರ ಹಿಗ್ಗಿ ಕುಗ್ಗುವಾಗ ಪದರ ಎಲ್ಲೋ ಕೂದಲಿನಷ್ಟು ಸೀಳುತ್ತದೆ. ನೀರು ಒಳಗೆ ಹೋಗುತ್ತದೆ, ಹೊರಗೆ ಬರಲಾರದು. ಆಮೇಲೆ ಹಪ್ಪಳದಂತೆ ಏಳುತ್ತದೆ. ಸರಿ ಮಾಡಬೇಕಾದರೆ ಪೂರ್ತಿ ಕೆರೆಯಬೇಕು.

ನಿಮಗೆ ಬೇಕಾದ್ದು ಮರದೊಳಗೆ ಇಳಿಯುವ, ಅರೆಪಾರದರ್ಶಕ, ಹೊರಾಂಗಣದ ಸ್ಟೇನ್. ನೆರಳಿಗೆ ವಾಟರ್ ಬೇಸ್ ಒಳ್ಳೆಯದು, ಅದರಲ್ಲಿ ಬೂಷ್ಟಿಗೆ ಊಟ ಕಡಿಮೆ. ಆಯಿಲ್ ಬೇಸ್ ತಂದರೆ ಡಬ್ಬಿಯ ಮೇಲೆ ಫಂಗಸ್ ತಡೆ ಅಂತ ಬರೆದಿದೆಯಾ, ಐಪಿಬಿಸಿಯಂಥ ಶಿಲೀಂಧ್ರನಾಶಕ ಇದೆಯಾ ನೋಡಿಯೇ ತನ್ನಿ. ಕಂದು ಬಣ್ಣ ಸ್ವಲ್ಪ ಗಾಢವಾದದ್ದೇ ಇರಲಿ. ತಿಳಿ ಬಣ್ಣದ ಮೇಲೆ ಹಲಸಿನೆಲೆಯ ಕಲೆ ಒಂದೊಂದೂ ಕಾಣುತ್ತದೆ.

ಕರಾವಳಿಯಲ್ಲಿ ದೋಣಿಗೆ, ಪಕ್ಕಾಸಿಗೆ ಗೇರೆಣ್ಣೆ, ಅಂದ್ರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಯುತ್ತಾರೆ. ಒಳ್ಳೆಯ ಮದ್ದು, ಗೆದ್ದಲು ಹತ್ತಿರ ಬರುವುದಿಲ್ಲ. ಆದರೆ ಚರ್ಮ ಸುಡುತ್ತದೆ, ಕಪ್ಪು ಬಣ್ಣ. ಬರಿಗಾಲಲ್ಲಿ ಓಡಾಡುವ ಹಲಗೆಗೆ ಬೇಡ. ಕೆಳಗಿನ ಜಂತೆಗೆ ಬೇಕಾದರೆ ಕೈಗವಸು ಹಾಕಿ ಬಳಿಯಿರಿ. ಗ್ಯಾರೇಜಿನ ವೇಸ್ಟ್ ಆಯಿಲ್ ಬೇಲಿ ಗೂಟಕ್ಕೇ ಇರಲಿ.

ಹಚ್ಚುವ ದಿನ

ಇಬ್ಬನಿ ಆರಿದ ಮೇಲೆ, ಹತ್ತು ಗಂಟೆ ದಾಟಿ ಶುರು ಮಾಡಿ. ಮಧ್ಯಾಹ್ನ ಎರಡು ಮೂರರೊಳಗೆ ಮುಗಿಸಿ. ಸಂಜೆಯ ಇಬ್ಬನಿ ಹಸಿ ಸ್ಟೇನ್ ಮೇಲೆ ಬಿದ್ದರೆ ಮಬ್ಬಾಗುತ್ತದೆ, ಅಂಟಂಟಾಗಿ ಉಳಿಯುತ್ತದೆ.

ಹಲಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ನಿಮಿಷದೊಳಗೆ ಹೀರಿಕೊಂಡರೆ ಸ್ಟೇನ್ ಕೂಡ ಇಳಿಯುತ್ತದೆ. ಮಣಿಯಂತೆ ನಿಂತರೆ ಹಳೆ ಎಣ್ಣೆ ಇನ್ನೂ ಇದೆ, ಮತ್ತೆ ಉಜ್ಜಿ.

ಡಬ್ಬಿಯನ್ನು ಕೋಲಿನಲ್ಲಿ ತಳದವರೆಗೆ ಕಲಕಿ, ಮಧ್ಯೆ ಮಧ್ಯೆಯೂ ಕಲಕುತ್ತಿರಿ. ಬಣ್ಣ ತಳದಲ್ಲಿ ಕೂರುತ್ತದೆ. ಮೊದಲು ಹಲಗೆಯ ತುದಿಗಳು. ಮರ ನೀರು ಕುಡಿಯುವುದು ಮುಖ್ಯವಾಗಿ ತುದಿಯಿಂದಲೇ, ಸ್ಟ್ರಾದಲ್ಲಿ ಎಳೆದಂತೆ. ಅಲ್ಲಿಗೆ ಹೀರಿಕೊಳ್ಳುವುದು ನಿಲ್ಲುವವರೆಗೆ ಎರಡು ಮೂರು ಸಲ ಹಚ್ಚಿ. ಆಮೇಲೆ ಎರಡೆರಡು ಹಲಗೆ ಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಓಟದಲ್ಲಿ ಹೋಗಿ. ಅರ್ಧದಲ್ಲಿ ಫೋನ್ ಬಂತು ಅಂತ ಎದ್ದರೆ ಅಲ್ಲೊಂದು ಗೆರೆ ಖಾಯಂ.

15 ನಿಮಿಷದಲ್ಲಿ ಹೀರದೆ ಮೇಲೆ ನಿಂತದ್ದನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ದುಡ್ಡು ಕೊಟ್ಟು ತಂದದ್ದು ಒರೆಸಿ ಬಿಸಾಡಬೇಕಾ ಅಂತ ಅನ್ನಿಸುತ್ತದೆ ಅಲ್ವಾ? ಒರೆಸದಿದ್ದರೆ ಅದು ಒಣಗದೆ ಧೂಳು ಹಿಡಿಯುತ್ತದೆ, ಧೂಳಿನ ಮೇಲೆ ಬೂಷ್ಟು ಕೂರುತ್ತದೆ. ಎರಡನೇ ಕೈ ಎಷ್ಟು ಹೊತ್ತಿನ ಮೇಲೆ ಅನ್ನುವುದನ್ನು ಡಬ್ಬಿ ನೋಡಿ ಮಾಡಿ, ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಎರಡೂ ತೆಳುವಾಗಿರಲಿ.

ಆಯಿಲ್ ಬೇಸ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಕೆಟ್ ನೀರಿನಲ್ಲಿ ಮುಳುಗಿಸಿ, ಇಲ್ಲವೇ ಬೇಲಿಯ ಮೇಲೆ ಒಂದೊಂದಾಗಿ ಹರವಿ.

ಮಳೆ ಹಿಡಿದ ಮೇಲೆ

ವಾರಕ್ಕೊಮ್ಮೆ ಕಡ್ಡಿ ಪೊರಕೆಯಲ್ಲಿ ಎಲೆ ಗುಡಿಸುವುದು, ಹೊಳವಾದ ದಿನ ಸಂದಿಗೆ ಚಾಕು ಆಡಿಸುವುದು. ಅಷ್ಟೇ. ಇಂಬಳ (ಜಿಗಣೆ) ಕಾಲಿಗೆ ಹತ್ತುವ ಮೊದಲು ಮುಗಿಯುವ ಕೆಲಸ. ಹಸಿರು ಕಾಣಿಸಿದರೆ ಮಳೆ ಬಿಟ್ಟ ಹೊತ್ತಲ್ಲಿ ಪರ್‌ಕಾರ್ಬೊನೇಟ್ ನೀರನ್ನು ಅರ್ಧ ಪುಡಿ ಹಾಕಿ ಮಾಡಿ ಉಜ್ಜಿ ತೊಳೆಯಿರಿ. ಬೂಷ್ಟು ಇನ್ನೂ ಎಳೆಯದಾಗಿದ್ದಾಗ ಐದು ನಿಮಿಷಕ್ಕೆ ಹೋಗುತ್ತದೆ.

ಡಿಸೆಂಬರ್‌ನಲ್ಲಿ ಮತ್ತೆ ಆ ನಾಲ್ಕು ಹನಿ ನೀರಿನ ಪರೀಕ್ಷೆ. ಕಳೆದ ಬಾರಿ ನಮ್ಮ ಡೆಕ್‌ನಲ್ಲಿ ಎಲ್ಲಾ ಕಡೆ ನೀರು ಮಣಿಯಾಗಿ ನಿಂತಿತು, ಬಾಗಿಲ ಎದುರಿನ ಮೂರು ಹಲಗೆ ಬಿಟ್ಟು. ದಿನಾ ತುಳಿದು ತುಳಿದು ಅಲ್ಲಿ ಸವೆದಿತ್ತು. ಆ ಮೂರನ್ನು ಮಾತ್ರ ತೊಳೆದು, ಒಣಗಿಸಿ, ಹಳೆ ಡಬ್ಬಿಯಲ್ಲಿ ಉಳಿದದ್ದನ್ನು ಒಂದು ಕೈ ಹಚ್ಚಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತು.